ಅಜ್ಜಿ ಬೀಳುವುದೇಕೆ?

ಮೊದಲು ಒಂದು ಸಣ್ಣ ಪ್ರಯೋಗ. ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲಿ. ಕಷ್ಟವೇನಿಲ್ಲ. ಈಗ ಕಣ್ಣು ಮುಚ್ಚಿ. ಪಾದ ಅತ್ತಿತ್ತ ಹೊರಳತೊಡಗುತ್ತದೆ, ಕೈ ತಾನಾಗಿ ಗೋಡೆಯನ್ನು ಹುಡುಕುತ್ತದೆ.

ನಿಲ್ಲುವುದೆಂದರೆ ಕ್ಷಣಕ್ಷಣವೂ ವಾಲುತ್ತ, ಅದನ್ನು ತಿದ್ದಿಕೊಳ್ಳುತ್ತ ಇರುವುದು. ಇದಕ್ಕಾಗಿ ಮಿದುಳಿಗೆ ಮೂರು ಕಡೆಯಿಂದ ವರದಿ ಬರುತ್ತಿರಬೇಕು: ಕಣ್ಣಿನಿಂದ, ಒಳಗಿವಿಯಿಂದ, ಪಾದ ಮತ್ತು ಕೀಲುಗಳ ನರಗಳಿಂದ. ವಯಸ್ಸಾದಂತೆ ಮೂರೂ ಮಂದವಾಗುತ್ತವೆ. ಸಕ್ಕರೆ ಕಾಯಿಲೆಯಿದ್ದರೆ ಪಾದದ ಸ್ಪರ್ಶಜ್ಞಾನ ಇನ್ನಷ್ಟು ಕುಂದಬಹುದು. ವರದಿ ಸರಿಯಾಗಿ ಬಂದರೂ ಎಡವಿದ ದೇಹವನ್ನು ಹಿಡಿದು ನಿಲ್ಲಿಸಲು ತೊಡೆಯ ಸ್ನಾಯುಗಳಲ್ಲಿ ಬಲ ಬೇಕಲ್ಲ!

ರಾತ್ರಿ ಎರಡು ಗಂಟೆಯ ಹೊತ್ತನ್ನು ಊಹಿಸಿಕೊಳ್ಳಿ. ಅಜ್ಜಿ ಬಚ್ಚಲಿಗೆಂದು ತಟ್ಟನೆ ಏಳುತ್ತಾರೆ. ಎದ್ದೊಡನೆ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ನಿಮ್ಮ ವಯಸ್ಸಿನಲ್ಲಿ ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಒತ್ತಡವನ್ನು ಸರಿಪಡಿಸುತ್ತವೆ. ಎಂಬತ್ತರಲ್ಲಿ ಈ ಕೆಲಸ ನಿಧಾನ. ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆಗಳಿದ್ದರೆ ಮತ್ತೂ ನಿಧಾನ. ತಲೆ ಸುತ್ತುತ್ತದೆ. ಕತ್ತಲೆ ಕಣ್ಣಿನ ವರದಿಯನ್ನು ಕಿತ್ತುಕೊಂಡಿದೆ. ಮುಂದೆ ಹೊಸ್ತಿಲು, ಮಡಚಿದ ಕಾಲೊರಸು, ಒದ್ದೆ ನೆಲ. (ಜಾಹೀರಾತುಗಳಲ್ಲಿ ಥಳಥಳಿಸುವ ಟೈಲ್ಸ್ ನೋಡಲು ಚೆನ್ನ, ನೀರು ಬಿದ್ದಾಗ ಅದರ ಮೇಲೆ ನಡೆಯುವವರನ್ನು ಯಾರೂ ತೋರಿಸುವುದಿಲ್ಲ.) ಹಗಲೆಲ್ಲ ಸಲೀಸಾಗಿ ಓಡಾಡಿದ ಅಜ್ಜಿ ಆಗ ಬೀಳುತ್ತಾರೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ದೀಪ ಹಾಕಿಕೊಂಡು ಏಳುವ ಅಭ್ಯಾಸ ಎಷ್ಟೋ ಪೆಟ್ಟುಗಳನ್ನು ತಪ್ಪಿಸಬಲ್ಲದು.

ಬಿದ್ದಾಗ ಹೆಚ್ಚು ಅಪಾಯಕ್ಕೊಳಗಾಗುವುದು ತೊಡೆಯ ಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿಗೆ ಸೇರುವ ಸಪೂರ ಭಾಗ. ಮುಟ್ಟು ನಿಂತ ಬಳಿಕ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಮುರಿದು ಹಾಸಿಗೆ ಹಿಡಿದವರನ್ನು ನ್ಯುಮೋನಿಯ, ಹಾಸಿಗೆ ಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ ಕಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ. ಅವರಲ್ಲಿ ವೃದ್ಧರೇ ಹೆಚ್ಚು.

ಇಷ್ಟು ತಿಳಿದ ಮೇಲೆ ಮನೆಯವರು ಸಾಮಾನ್ಯವಾಗಿ ಮಾಡುವುದೇನು? “ನೀವು ಏಳಬೇಡಿ ಅಜ್ಜಿ, ನಾನೇ ತಂದುಕೊಡ್ತೀನಿ.” ಪ್ರೀತಿಯ ಮಾತೇ. ಆದರೆ ಕೂತಲ್ಲೇ ಕೂತ ಕಾಲು ಬಲ ಕಳೆದುಕೊಳ್ಳುತ್ತದೆ. ಬೀಳುವ ಭಯ ಬೆಳೆಯುತ್ತದೆ. ಮತ್ತೆ ಎದ್ದಾಗ ಬೀಳುವ ಸಂಭವ ಮೊದಲಿಗಿಂತ ಹೆಚ್ಚು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ವೃದ್ಧರಿಗೆ ಮನೆಯಲ್ಲೇ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಕಲಿಸಿದರು, ನಡೆಸಿದರು. 65ರಿಂದ 97 ವರ್ಷದ 1016 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವಿಕೆ ಶೇಕಡಾ 35ರಷ್ಟು ಇಳಿದಿತ್ತು. ಕುರ್ಚಿಯಿಂದ ಎದ್ದು ಕೂರುವುದು, ಆಸರೆ ಹಿಡಿದು ಹಿಮ್ಮಡಿ ಎತ್ತುವುದು ಇಂಥವೇ ಆ ವ್ಯಾಯಾಮಗಳು. ವೈದ್ಯರನ್ನು ಕೇಳಿ, ಪಕ್ಕದಲ್ಲಿ ನಿಂತು ನೀವೇ ಮಾಡಿಸಬಹುದು.

ಬಚ್ಚಲಿಗೆ ಹಿಡಿಕಂಬಿ ಹಾಕಿಸಿ. ಮಳೆಗಾಲದಲ್ಲಿ ಹಿತ್ತಿಲ ಕಲ್ಲಿನ ಪಾಚಿ ಉಜ್ಜಿ ತೆಗೆಯಿರಿ. ಬೈಫೋಕಲ್ ಕನ್ನಡಕದ ಕೆಳಭಾಗ ಓದುವುದಕ್ಕೆಂದೇ ಇರುವುದರಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಇಳಿಯುವಾಗ ಅಜ್ಜಿಯ ಕೈ ಕಂಬಿಯ ಮೇಲಿರಲಿ.

ಅಷ್ಟರ ಮೇಲೂ ಬಿದ್ದರೆ ಗಡಿಬಿಡಿಯಲ್ಲಿ ಎತ್ತಿ ನಿಲ್ಲಿಸಬೇಡಿ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಬಳಿ ಮೂಳೆ ಮುರಿದಿರಬಹುದು. ಅಲ್ಲಾಡಿಸದೆ ಬೆಚ್ಚಗೆ ಹೊದಿಸಿ, 108ಕ್ಕೆ ಕರೆ ಮಾಡಿ.