ಮೊಡವೆಗೆ ಮುಲಾಮು ಹಚ್ಚುವ ಮುನ್ನ...

ಮಕ್ಕಳಿಗೆ ಹದಿಮೂರು ತುಂಬುತ್ತಿದ್ದಂತೆ ಮನೆಯ ಕನ್ನಡಿಗೆ ಬಿಡುವು ಸಿಗುವುದಿಲ್ಲ. ಮೂಗಿನ ಪಕ್ಕ ಒಂದು ಮೊಡವೆ ಎದ್ದರೆ ಸಾಕು, ಸಲಹೆಗಳ ಸುರಿಮಳೆ. ‘ಕರಿದ ತಿಂಡಿ ಬಿಡು’ ಎನ್ನುತ್ತಾರೆ ಅಜ್ಜಿ. ‘ಮುಖ ಸರಿಯಾಗಿ ತೊಳೆಯುವುದಿಲ್ಲ’ ಎಂಬುದು ಅಮ್ಮನ ದೂರು. ‘ವಯಸ್ಸಿನ ಗುಣ, ತಾನಾಗಿಯೇ ಹೋಗುತ್ತದೆ’ ಎಂಬುದು ಅಪ್ಪನ ತೀರ್ಪು. ಪಕ್ಕದ ಮನೆಯವರು ಯಾವುದೋ ಟ್ಯೂಬಿನ ಹೆಸರು ಹೇಳುತ್ತಾರೆ. ಇವುಗಳಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಈ ಕೊನೆಯ ಸಲಹೆಯೇ.

ಮೊಡವೆ ಏಳುವುದು ಹೇಗೆ?

ಮುಖ, ಎದೆ ಮತ್ತು ಬೆನ್ನಿನ ಚರ್ಮದಲ್ಲಿ ಕೂದಲಿನ ಬುಡಕ್ಕೆ ಹೊಂದಿಕೊಂಡು ಜಿಡ್ಡು ಸ್ರವಿಸುವ ಗ್ರಂಥಿಗಳು ಹೇರಳವಾಗಿವೆ. ಹರೆಯದಲ್ಲಿ ಹುಡುಗ ಹುಡುಗಿಯರಿಬ್ಬರಲ್ಲೂ ಆಂಡ್ರೋಜೆನ್ ಹಾರ್ಮೋನುಗಳು ಹೆಚ್ಚಿ, ಈ ಗ್ರಂಥಿಗಳು ಹೆಚ್ಚು ಜಿಡ್ಡನ್ನು ಹೊರಹಾಕುತ್ತವೆ. ಸತ್ತ ಜೀವಕೋಶಗಳು ಜಿಡ್ಡಿನೊಂದಿಗೆ ಬೆರೆತು ರಂಧ್ರವನ್ನು ಮುಚ್ಚುತ್ತವೆ. ರಂಧ್ರದ ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಕಪ್ಪು ಗುಳ್ಳೆ. ಒಳಗೆ ಬ್ಯಾಕ್ಟೀರಿಯಗಳು ಹೆಚ್ಚಿ ಉರಿಯೂತ ಉಂಟಾದಾಗ ಅದು ಕೆಂಪಾಗಿ, ನೋವಾಗಿ, ಕೀವು ತುಂಬಿಕೊಳ್ಳುತ್ತದೆ.

ಕಪ್ಪು ಗುಳ್ಳೆಯ ಬಣ್ಣ ಕೊಳೆಯದಲ್ಲ. ಆದ್ದರಿಂದ ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ಹೋಗದು. ಚರ್ಮ ಒರಟಾಗುತ್ತದೆ ಅಷ್ಟೆ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚುವುದರಿಂದಲೂ ಚರ್ಮ ಉರಿದು ಕಲೆ ಉಳಿಯಬಹುದು. ಸಿಹಿ, ಮೈದಾ ಪದಾರ್ಥಗಳಂಥ, ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ ಕೆಲವರಲ್ಲಿ ಮೊಡವೆಯನ್ನು ಹೆಚ್ಚಿಸುವುದುಂಟು. ತಲೆಗೆ ಹಚ್ಚಿದ ಎಣ್ಣೆ ಇಳಿದು ಹಣೆಯ ಅಂಚಿನಲ್ಲಿ ಗುಳ್ಳೆಗಳೇಳುವುದೂ ಸಾಮಾನ್ಯ. ಅಂಥವರು ಎಣ್ಣೆ ಹಚ್ಚಿಕೊಂಡೇ ರಾತ್ರಿಯಿಡೀ ಮಲಗಬಾರದು.

ಯಾವುದನ್ನು ಹಚ್ಚಬೇಕು?

ದಿನಕ್ಕೆ ಎರಡು ಬಾರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದರೆ ಸಾಕು. ಮುಲಾಮು ಕೊಳ್ಳುವಾಗ ಜಾಹೀರಾತನ್ನು ನೋಡಬೇಡಿ; ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧದ ಹೆಸರನ್ನು ನೋಡಿ.

ಸ್ಯಾಲಿಸಿಲಿಕ್ ಆಮ್ಲ ಮುಚ್ಚಿದ ರಂಧ್ರಗಳನ್ನು ತೆರೆಯಲು ನೆರವಾಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಶೇ. 2.5ರಷ್ಟಿರುವುದರಿಂದ ಆರಂಭಿಸಿದರೆ ಉರಿ ಕಡಿಮೆ. ಇದು ತಾಗಿದರೆ ಬಟ್ಟೆಯ ಬಣ್ಣ ಹೋಗುತ್ತದೆ. ದಿಂಬಿಗೆ ಬಿಳಿಯ ಕವರನ್ನೇ ಹಾಕಿ. ಬಿಳಿ ಮತ್ತು ಕಪ್ಪು ಗುಳ್ಳೆಗಳಿಗೆ ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಶೇ. 0.1ರ ಅಡಾಪಲೀನ್. ಬಟಾಣಿ ಕಾಳಿನಷ್ಟನ್ನು ರಾತ್ರಿ, ಗುಳ್ಳೆಯ ಮೇಲೆ ಮಾತ್ರವಲ್ಲದೆ ಮೊಡವೆ ಏಳುವ ಭಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳಬಹುದು. ಆಗ ದಿನ ಬಿಟ್ಟು ದಿನ ಹಚ್ಚಿ, ರಂಧ್ರಗಳನ್ನು ಮುಚ್ಚದ ಮಾಯಿಶ್ಚರೈಸರ್ ಬಳಸಬಹುದು. ಗರ್ಭಿಣಿಯರು ಅಡಾಪಲೀನ್ ಬಳಸಬಾರದು. ಕ್ಲಿಂಡಮೈಸಿನ್‌ನಂಥ ಆ್ಯಂಟಿಬಯಾಟಿಕ್ ಮುಲಾಮು ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಗಳು ಅದಕ್ಕೆ ಜಗ್ಗದಂತಾಗುತ್ತವೆ.

ನಮ್ಮವರ ಚರ್ಮದಲ್ಲಿ ಮೊಡವೆ ಮಾಯವಾದ ಮೇಲೂ ಕಂದು ಕಲೆ ಬಹುಕಾಲ ಉಳಿಯುತ್ತದೆ. ಚಿವುಟಿದರೆ ಮತ್ತು ಬಿಸಿಲಿಗೆ ಒಡ್ಡಿದರೆ ಅದು ಇನ್ನಷ್ಟು ಗಾಢವಾಗುತ್ತದೆ. ಹಗಲಿನಲ್ಲಿ ಸನ್‌ಸ್ಕ್ರೀನ್ ಹಚ್ಚುವುದು ಇದೇ ಕಾರಣಕ್ಕೆ.

ಸರಿಯಾದ ಔಷಧ ಫಲ ಕೊಡಲು 8ರಿಂದ 12 ವಾರ ಬೇಕು. ಎರಡು ವಾರಕ್ಕೊಂದು ಟ್ಯೂಬು ಬದಲಿಸುವವರಿಗೆ ಯಾವುದೂ ಫಲಿಸುವುದಿಲ್ಲ.

ನಾಲ್ಕೇ ದಿನದ ಮಾಯೆ

‘ನಾಲ್ಕೇ ದಿನದಲ್ಲಿ ಮುಖ ಬೆಳ್ಳಗಾಯಿತು, ಮೊಡವೆಯೂ ಹೋಯಿತು’ ಎಂದು ಯಾರಾದರೂ ಹೇಳಿದರೆ ಎಚ್ಚರ ವಹಿಸಿ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಅದು ಉರಿಯೂತವನ್ನು ತಾತ್ಕಾಲಿಕವಾಗಿ ಅಡಗಿಸುವುದರಿಂದ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ನವಿರು ರಕ್ತನಾಳಗಳು ಎದ್ದು ಕಾಣುತ್ತವೆ. ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ, ಹೊಸ ಮೊಡವೆಗಳೇ ಏಳುತ್ತವೆ. ಹಚ್ಚುವುದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಎಲ್ಲವೂ ಉಲ್ಬಣಿಸುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ಅದು ಚಟವಾಗುತ್ತದೆ.

ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಆದರೂ ಕೊಳ್ಳುವವರ ಎಚ್ಚರವೇ ಮೊದಲ ಕಾವಲು. ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದನ್ನು ಮೊಡವೆಗೆಂದು ಹಚ್ಚಬೇಡಿ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿದ್ದರೆ, ಟ್ಯೂಬನ್ನು ಹಿಡಿದುಕೊಂಡೇ ಚರ್ಮವೈದ್ಯರಲ್ಲಿಗೆ ಹೋಗಿ. ಅದರಿಂದ ಹೊರಬರುವ ದಾರಿಯನ್ನು ಅವರು ತೋರಿಸುತ್ತಾರೆ.

ವೈದ್ಯರ ಬಳಿಗೆ ಯಾವಾಗ?

ಆಳವಾದ ಗಂಟುಗಳು, ನೋವು, ಗುಳಿಬೀಳುವ ಕಲೆಗಳು ಕಂಡರೆ ತಡಮಾಡಬಾರದು. ಒಮ್ಮೆ ಬಿದ್ದ ಗುಳಿಯನ್ನು ಪೂರ್ತಿ ತುಂಬುವುದು ಕಷ್ಟ. ಹುಡುಗಿಯರಲ್ಲಿ ಮೊಡವೆಯ ಜೊತೆಗೆ ಮುಟ್ಟಿನ ಏರುಪೇರು, ಗಲ್ಲದ ಮೇಲೆ ಕೂದಲು ಇದ್ದರೆ ಅಂಡಾಶಯದ ಹಾರ್ಮೋನು ತೊಂದರೆಯ ಪರೀಕ್ಷೆ ಅಗತ್ಯ. ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಬಹಳ ಪರಿಣಾಮಕಾರಿ. ಆದರೆ ಗರ್ಭದಲ್ಲಿರುವ ಶಿಶುವಿಗೆ ಅದರಿಂದ ಗಂಭೀರ ಅಂಗದೋಷಗಳಾಗುತ್ತವೆ. ಆದ್ದರಿಂದ ಮಾತ್ರೆ ಸೇವಿಸುವಾಗ ಹಾಗೂ ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ಧರಿಸಬಾರದು. ವೈದ್ಯರ ನಿಗಾ ಇಲ್ಲದೆ ಅದನ್ನು ನುಂಗಲೇಬಾರದು.

ತಂದೆತಾಯಂದಿರಿಗೆ ಒಂದು ಮಾತು. ನೆಂಟರೆದುರು ಮಕ್ಕಳ ಮುಖದ ಬಗ್ಗೆ ಟೀಕೆ ಮಾಡಬೇಡಿ. ‘ಮದುವೆಯಾದರೆ ಹೋಗುತ್ತದೆ’ ಎಂದು ತಳ್ಳಿಹಾಕಲೂ ಬೇಡಿ. ಹರೆಯದವರಿಗೆ ಅದು ಸಣ್ಣ ವಿಷಯವಲ್ಲ. ಇವತ್ತೇ ಅವರ ಜೊತೆ ಕುಳಿತು, ಮನೆಯಲ್ಲಿರುವ ಟ್ಯೂಬುಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದಿ.