ಆಜ್ಞೆಗೊಂದು ದಾರಿ, ಸರಕಿಗೊಂದು ದಾರಿ

ಮೊಬೈಲಿನಲ್ಲಿ ನಾವು ಚಲಚ್ಚಿತ್ರವನ್ನು ನೋಡುವಾಗ ಜಾಲದಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುವುವು. ಚಿತ್ರವನ್ನು ಹೊತ್ತು ತರುವ ದತ್ತಾಂಶ ಒಂದು; ಚಂದಾದಾರನಿಗೆ ಎಷ್ಟು ವೇಗ ಸಲ್ಲಬೇಕು, ಅವನು ಯಾವ ಗೋಪುರದ ಅಂಕೆಯಲ್ಲಿರುವನು ಎಂಬುದನ್ನು ನಿರ್ಧರಿಸುವ ಆಜ್ಞೆ ಮತ್ತೊಂದು. ಮೊದಲನೆಯದು ಕೆರೆಯ ನೀರಾದರೆ ಎರಡನೆಯದು ತೂಬನ್ನು ತೆರೆಯುವ ನೀರಗಂಟಿ.

ಇವೆರಡೂ ಒಂದೇ ದಾರಿ ಹಿಡಿದರೆ ಕೇಡೇನು? ಅಮೆರಿಕದ ದೂರವಾಣಿಯನ್ನು ನೋಡೋಣ. ದೂರದೂರುಗಳ ಮಾರ್ಗವು ಬಿಡುವಾಗಿದೆಯೆಂದು ಸಾರುವ, ಸೆಕೆಂಡಿಗೆ 2600 ಕಂಪನಗಳ ಸ್ವರವು ಮಾತು ಹರಿಯುವ ಮಾರ್ಗದಲ್ಲಿಯೇ ಹರಿಯುತ್ತಿದ್ದಿತು. 1960ರ ದಶಕದಲ್ಲಿ ಕೆಲವು ಚತುರರು ಅದೇ ಸ್ವರವನ್ನು ಸಿಳ್ಳೆಯಿಂದ ಹೊರಡಿಸಿ ಯಂತ್ರವನ್ನು ವಂಚಿಸಿದರು. ತಿಂಡಿಯ ಪೆಟ್ಟಿಗೆಯೊಳಗಿನ ಆಟಿಕೆಯ ಪೀಪಿಯೂ ಸಾಕಾಗುತ್ತಿದ್ದಿತು! 1976ರಲ್ಲಿ ಬೆಲ್ ಸಂಸ್ಥೆಯು ಆಜ್ಞೆಗಳಿಗೆ ಬೇರೆಯ ಜಾಲವನ್ನೇ ಕಟ್ಟತೊಡಗಿತು.

ನಿಸ್ತಂತು ಜಾಲದ ಹೆಬ್ಬಾಗಿಲಿನ ಕಷ್ಟ ಬೇರೆ. 4ಜಿಯ ಮೊದಲ ದಿನಗಳಲ್ಲಿ ಆಜ್ಞೆ, ದತ್ತಾಂಶ ಎರಡನ್ನೂ ಒಂದೇ ಯಂತ್ರವು ನಿರ್ವಹಿಸಬೇಕಾಗಿದ್ದಿತು. ಆ ಯಂತ್ರವು 1000 ಕಿಲೋಮೀಟರ್ ದೂರದಲ್ಲಿದ್ದರೆ ಗಾಜಿನೆಳೆಯಲ್ಲಿ ಬೆಳಕು ಹೋಗಿ ಬರುವುದಕ್ಕೇ ಸುಮಾರು 10 ಮಿಲಿಸೆಕೆಂಡು ವ್ಯಯವಾಗುವುದು. 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟವು 2017ರಲ್ಲಿ ಮುಗಿಸಿದ ತನ್ನ 14ನೆಯ ಆವೃತ್ತಿಯಲ್ಲಿ ಯಂತ್ರವನ್ನು ಇಬ್ಭಾಗ ಮಾಡಿತು. ತಲೆ ಕೇಂದ್ರದಲ್ಲಿ ಉಳಿಯಬಹುದು. ಕೈಗಳು ಬಳಕೆದಾರನ ಊರಿನ ಹತ್ತಿರಕ್ಕೆ ಬರಬಹುದು. “ಈ ಗುರುತಿನ ಪೊಟ್ಟಣವನ್ನು ಇತ್ತ ಕಳುಹಿಸು, ಇಷ್ಟಾದೊಡನೆ ಲೆಕ್ಕ ಒಪ್ಪಿಸು” ಎಂಬಂಥ ನಿಯಮಗಳನ್ನು ತಲೆಯು ಮುಂಚಿತವಾಗಿ ಕಳುಹಿಸುವುದು. 5ಜಿಯು ಈ ವಿಭಜನೆಯ ಮೇಲೆಯೇ ನಿಂತಿದೆ.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ತಲೆಗೂ ಕೈಗೂ ನಡುವಿನ ಕೊಂಡಿ ಕಡಿದರೆ, ಹಳೆಯ ಅಪ್ಪಣೆಯಂತೆ ಕೈಯು ಸ್ವಲ್ಪ ಕಾಲ ದುಡಿಯಬಹುದು. ಹೊಸದಾಗಿ ಬಂದವನಿಗೆ ಬಾಗಿಲು ತೆರೆಯಲು ಅದಕ್ಕೆ ಅಧಿಕಾರವಿಲ್ಲ.