ವರ್ಧಿತ ಭೂಶಾಖ ವ್ಯವಸ್ಥೆ ಮತ್ತು ಭೂಕಂಪದ ಅಪಾಯ

ವರ್ಧಿತ ಭೂಶಾಖ ವ್ಯವಸ್ಥೆ ಎಂಬುದು ಭೂಮಿಯ ಆಳದಲ್ಲಿರುವ ಬಿಸಿ ಶಿಲೆಯಿಂದ ಶಾಖವನ್ನು ಹೊರತೆಗೆದು ವಿದ್ಯುತ್ ಉತ್ಪಾದಿಸುವ ತಂತ್ರಜ್ಞಾನ. ಐಸ್‌ಲ್ಯಾಂಡಿನಂತಹ ದೇಶಗಳಲ್ಲಿ ಬಿಸಿನೀರೂ ಉಗಿಯೂ ನಿಸರ್ಗದತ್ತವಾಗಿಯೇ ದೊರೆಯುತ್ತವೆ. ಬಹುತೇಕ ಪ್ರದೇಶಗಳಲ್ಲಿ ಆಳದ ಶಿಲೆ ಬಿಸಿಯಾಗಿದ್ದರೂ ಅದರಲ್ಲಿ ನೀರು ಹರಿಯಲು ಸಾಕಷ್ಟು ಸಂದುಗಳಿರುವುದಿಲ್ಲ. ಆದ್ದರಿಂದ ಹಲವು ಕಿಲೋಮೀಟರ್ ಆಳದ ಕೊಳವೆಬಾವಿಯೊಳಗೆ ಅಧಿಕ ಒತ್ತಡದಲ್ಲಿ ನೀರನ್ನು ನುಗ್ಗಿಸಿ ಶಿಲೆಯ ಬಿರುಕುಗಳನ್ನು ಹಿಗ್ಗಿಸಲಾಗುತ್ತದೆ. ಒಂದು ಬಾವಿಯಲ್ಲಿ ಇಳಿದ ತಣ್ಣೀರು ಈ ಬಿರುಕುಗಳಲ್ಲಿ ಹರಿದು, ಕಾದು, ಇನ್ನೊಂದು ಬಾವಿಯ ಮೂಲಕ ಮೇಲೇರುತ್ತದೆ. ಇದರ ಆರಂಭಿಕ ಪ್ರಯೋಗಗಳು 1970ರ ದಶಕದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಫೆಂಟನ್ ಹಿಲ್‌ನಲ್ಲಿ ನಡೆದವು.

ಭೂಕಂಪದ ಅಪಾಯ

ನುಗ್ಗಿಸಿದ ನೀರಿನ ಒತ್ತಡವು ಸ್ತರಭಂಗವನ್ನು, ಅಂದರೆ ಬಂಡೆಗಳು ಹಿಂದೆಂದೋ ಸೀಳಿ ಜರುಗಿದ ಜಾಗವನ್ನು ತಲುಪಿದರೆ, ಅವುಗಳನ್ನು ಹಿಡಿದಿಟ್ಟಿರುವ ಘರ್ಷಣೆ ಕುಗ್ಗಿ ಬಂಡೆಗಳು ಮತ್ತೆ ಜಾರಬಹುದು. ಈ ಕಂಪನಗಳಲ್ಲಿ ಹೆಚ್ಚಿನವು ಉಪಕರಣಗಳಿಗೆ ಮಾತ್ರ ತಿಳಿಯುವಷ್ಟು ಸಣ್ಣವು, ಎಲ್ಲವೂ ಅಲ್ಲ. 2006ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇಂತಹ ಯೋಜನೆಯಿಂದ 3.4 ಪರಿಮಾಣದ ಕಂಪನ ಉಂಟಾಗಿ, ಯೋಜನೆ ಸ್ಥಗಿತಗೊಂಡು ಬಳಿಕ ರದ್ದಾಯಿತು. 1356ರಲ್ಲಿ ಭೂಕಂಪದಿಂದ ಧ್ವಂಸವಾಗಿದ್ದ ನಗರವದು ಎಂಬುದನ್ನು ನೆನೆದರೆ ಸ್ಥಳದ ಆಯ್ಕೆಯೇ ಅಚ್ಚರಿ ಹುಟ್ಟಿಸುತ್ತದೆ.

ದಕ್ಷಿಣ ಕೊರಿಯದ ಪೊಹಾಂಗ್‌ನಲ್ಲಿ ನಡೆದದ್ದು ಇನ್ನೂ ಗಂಭೀರವಾದುದು. ಅಲ್ಲಿ 2017ರ ಏಪ್ರಿಲ್‌ನಲ್ಲಿಯೇ 3ಕ್ಕಿಂತ ಹೆಚ್ಚಿನ ಪರಿಮಾಣದ ಕಂಪನ ಸಂಭವಿಸಿತ್ತು. ಆದರೂ ಕೆಲವು ತಿಂಗಳ ಬಳಿಕ ನೀರು ನುಗ್ಗಿಸುವ ಕಾರ್ಯ ಮುಂದುವರಿಯಿತು. ಆ ವರ್ಷದ ನವೆಂಬರ್ 15ರಂದು, ನೀರು ನುಗ್ಗಿಸುವುದನ್ನು ನಿಲ್ಲಿಸಿ ಸುಮಾರು ಎರಡು ತಿಂಗಳಾದ ಮೇಲೆ, 5.5 ಪರಿಮಾಣದ ಭೂಕಂಪವಾಯಿತು. ಅನೇಕರು ಗಾಯಗೊಂಡರು, ಸಾವಿರಕ್ಕೂ ಹೆಚ್ಚು ಜನ ಮನೆ ತೊರೆದರು. ಮರುದಿನ ನಡೆಯಬೇಕಿದ್ದ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯನ್ನು ದೇಶದಾದ್ಯಂತ ಒಂದು ವಾರ ಮುಂದೂಡಲಾಯಿತು. ನುಗ್ಗಿಸಿದ ನೀರೇ ಈ ಭೂಕಂಪವನ್ನು ಪ್ರಚೋದಿಸಿತೆಂದು 2019ರ ಮಾರ್ಚ್‌ನಲ್ಲಿ ಸರ್ಕಾರ ನೇಮಿಸಿದ್ದ ಸಮಿತಿಯು ತೀರ್ಮಾನಿಸಿತು. ಕಂಪನ ನಿಗದಿತ ಮಟ್ಟ ಮೀರಿದರೆ ಕೆಲಸ ನಿಲ್ಲಿಸುವ, ರಸ್ತೆಯ ಸಂಚಾರ ದೀಪದ ಮಾದರಿಯ ಎಚ್ಚರಿಕೆ ವ್ಯವಸ್ಥೆ ಅಲ್ಲಿಯೂ ಇತ್ತು. ಆದರೆ ಕೆಂಪು ದೀಪ ಹೊತ್ತಿದ ಮೇಲೆ ಕೆಲಸ ನಿಲ್ಲಿಸಿದರೂ ಆಳದಲ್ಲಿ ಹರಡಿದ ಒತ್ತಡ ಕೂಡಲೇ ಇಳಿಯುವುದಿಲ್ಲ.

ಸನ್ನದ್ಧತೆ

ಹೊಸ ತಂತ್ರಜ್ಞಾನಗಳ ಸನ್ನದ್ಧತೆಯನ್ನು ನಾಸಾ ರೂಪಿಸಿದ 1ರಿಂದ 9ರವರೆಗಿನ ಮಾಪಕದಿಂದ ಅಳೆಯುವುದು ವಾಡಿಕೆ. ಯಂತ್ರವು ನೈಜ ಪರಿಸರದಲ್ಲಿ ಕೆಲಸ ಮಾಡುವುದೇ ಎಂಬುದನ್ನು ಅದು ಕೇಳುತ್ತದೆ; ಕೊರೆಯುವ ಊರಿನ ಕೆಳಗೆ ಯಾವ ಸ್ತರಭಂಗವಿದೆ ಎಂಬುದನ್ನು ಕೇಳುವುದಿಲ್ಲ. ಅಡ್ಡಲಾಗಿ ಕೊರೆಯುವ ವಿಧಾನ ಬಳಸಿ 2023ರಲ್ಲಿ ಅಮೆರಿಕದ ನೆವಾಡದಲ್ಲಿ ನಡೆದ ಪರೀಕ್ಷೆಯು ಸುಮಾರು 3.5 ಮೆಗಾವ್ಯಾಟ್ ಸಾಮರ್ಥ್ಯ ತೋರಿ ಯಶಸ್ವಿಯಾಗಿದೆ. ಭಾರತದಲ್ಲಿ ಲಡಾಖ್‌ನ ಪೂಗಾ ಕಣಿವೆಯಲ್ಲಿ ಓಎನ್‌ಜಿಸಿ ಕೈಗೊಂಡ ಯೋಜನೆಯು ನೈಸರ್ಗಿಕ ಬಿಸಿನೀರಿನ ಬುಗ್ಗೆಗಳ ಪ್ರದೇಶವನ್ನು ಆಧರಿಸಿದ್ದು, ಈ ವರ್ಗಕ್ಕೆ ಸೇರುವುದಿಲ್ಲ. ಆದರೆ ಅದೂ ಭೂಕಂಪನಶೀಲ ಹಿಮಾಲಯ ವಲಯದಲ್ಲಿಯೇ ಇದೆ.